ನೌಕಾದಳದ ಮುಳುಗುಗಾರರಿಗೆ ಸಲಕರಣೆಯ ಆಯ್ಕೆ

೧೯೪೧ನೆಯ ಇಸವಿ ಡಿಸೆಂಬರ್ ತಿಂಗಳ ೧೮ರ ರಾತ್ರಿ ಇಟಲಿಯ ನೌಕಾದಳದ ಆರು ಮಂದಿ ಮುಳುಗುಗಾರರು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನೊಳಕ್ಕೆ ನುಸುಳಿದರು. ಷೀರೆ ಎಂಬ ಜಲಾಂತರ್ಗಾಮಿ ನೌಕೆ ಅವರನ್ನು ಬಂದರಿನ ಸಮೀಪದಲ್ಲಿ ಬಿಟ್ಟು ಹಿಂದಿರುಗಿತ್ತು. ಇಬ್ಬಿಬ್ಬರಿಗೆ ಒಂದರಂತೆ ಅವರ ಬಳಿ ಮೂರು ವಾಹನಗಳಿದ್ದವು. ಅವು ಟಾರ್ಪಿಡೊ ಆಕಾರದವು, ವಿದ್ಯುತ್ತಿನಿಂದ ನಡೆಯತಕ್ಕವು, ಕುದುರೆಯನ್ನೇರಿದಂತೆ ಏರಿ ನಡೆಸತಕ್ಕವು. ಬಂದರಿನ ಬಾಯಿಗೆ ಕಾವಲಿತ್ತು, ಬಲೆಯ ಅಡ್ಡಗಟ್ಟೂ ಇತ್ತು. ಆದರೂ ಮರುದಿನ ಬೆಳಗಿನ ವೇಳೆಗೆ ವೇಲಿಯಂಟ್ ಮತ್ತು ಕ್ವೀನ್ ಎಲಿಜಬೆತ್ ಎಂಬ ಬ್ರಿಟಿಷರ ಎರಡು ಭಾರಿ ಯುದ್ಧನೌಕೆಗಳು ತಳ ಒಡೆದು ಬಂದರಿನ ನೆಲಕ್ಕೆ ಕುಳಿತಿದ್ದವು. ಆರು ಮಂದಿಯೂ ಸೆರೆಸಿಕ್ಕರು. ಆದರೆ ಅಷ್ಟು ಹೊತ್ತಿಗೆ ಅವರ ಕೆಲಸ ಮುಗಿದಿತ್ತು.

ಅವರು ನೀರಿನೊಳಗೆ ಏನನ್ನು ಉಸಿರಾಡುತ್ತಿದ್ದರು? ಗಾಳಿಯನ್ನಲ್ಲ, ಶುದ್ಧ ಆಮ್ಲಜನಕವನ್ನು. ಉಸಿರು ಬಿಟ್ಟಾಗ ಗುಳ್ಳೆಗಳು ಮೇಲಕ್ಕೆ ಬರುತ್ತಿರಲಿಲ್ಲ. ಕಾವಲುಗಾರನ ಕಣ್ಣಿಗೆ ಬೀಳತಕ್ಕ ಗುರುತೇ ಇಲ್ಲದಂತಾಗಿತ್ತು. ಇಷ್ಟು ಅನುಕೂಲವಾದ ಸಲಕರಣೆಯನ್ನು ಎಲ್ಲ ಮುಳುಗುಗಾರರೂ ಎಲ್ಲ ಕೆಲಸಕ್ಕೂ ಏಕೆ ಬಳಸಬಾರದು ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ನೌಕಾದಳದ ಮುಳುಗು ತಂಡಕ್ಕೆ ಸಲಕರಣೆಯನ್ನು ಆಯುವವನು ಮೊದಲು ಉತ್ತರಿಸಬೇಕಾದುದೂ ಅದನ್ನೇ. ಉತ್ತರವು ಯಾವ ಕಾರ್ಖಾನೆಯ ಬೆಲೆಪಟ್ಟಿಯಲ್ಲಿಯೂ ದೊರೆಯದು. ಬಾಯ್ಲ್, ಡಾಲ್ಟನ್ ಮತ್ತು ಹೆನ್ರಿ ಇವರ ನಿಯಮಗಳಲ್ಲಿ ದೊರೆಯುತ್ತದೆ. ತರಗತಿಯಲ್ಲಿ ನಾವು ಗಾಜಿನ ನಳಿಗೆ ಮತ್ತು ಪಾದರಸವನ್ನಿಟ್ಟು ಬೋಧಿಸುವ ಈ ನಿಯಮಗಳು ಇಲ್ಲಿ ಮನುಷ್ಯನ ಪ್ರಾಣದ ಪ್ರಶ್ನೆಯಾಗುವುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

೧. ಬೆನ್ನಿನ ಮೇಲಿನ ಗಾಳಿ

ಸಮುದ್ರಮಟ್ಟದಲ್ಲಿ ವಾತಾವರಣವು ನಮ್ಮ ಮೇಲೆ ಹೇರುವ ಒತ್ತಡವನ್ನು ಒಂದು ವಾಯುಭಾರ ಎಂದು ಕರೆಯೋಣ. ನೀರಿನಲ್ಲಿ ಇಳಿದಂತೆಲ್ಲ ಸುಮಾರು ಪ್ರತಿ ೧೦ ಮೀಟರಿಗೆ ಮತ್ತೊಂದು ವಾಯುಭಾರ ಸೇರುತ್ತದೆ. ಹೀಗೆ ೧೦ ಮೀಟರಿನಲ್ಲಿ ೨, ೩೦ ಮೀಟರಿನಲ್ಲಿ ೪, ೪೦ ಮೀಟರಿನಲ್ಲಿ ೫ ವಾಯುಭಾರಗಳಾಗುತ್ತವೆ. ಮುಳುಗುಗಾರನ ಎದೆಯನ್ನು ನೀರು ಹೊರಗಿನಿಂದ ಒತ್ತುತ್ತಿರುವಾಗ, ಒಳಕ್ಕೆ ಬರುವ ಗಾಳಿಯೂ ಅಷ್ಟೇ ಒತ್ತಡದಲ್ಲಿರಬೇಕು. ಇಲ್ಲವಾದರೆ ಉಸಿರನ್ನು ಎಳೆಯುವುದೇ ಅಸಾಧ್ಯ. ೧೯೪೩ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾನ್ ಇವರು ರೂಪಿಸಿದ ನಿಯಂತ್ರಕ ಕವಾಟವು ಈ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಸಿಲಿಂಡರಿನ ಗಾಳಿಯನ್ನು ಅದು ಆಯಾ ಆಳದ ಒತ್ತಡಕ್ಕೆ ಇಳಿಸಿ, ಕೇಳಿದಾಗ ಮಾತ್ರ ಬಾಯಿಗೆ ಕೊಡುತ್ತದೆ. ಬಿಟ್ಟ ಉಸಿರು ಗುಳ್ಳೆಗಳಾಗಿ ನೀರಿಗೆ ಹೋಗುತ್ತದೆ. ಇದನ್ನು ತೆರೆದ ಮಂಡಲ ಎನ್ನುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಸಿಲಿಂಡರಿನ ಗಾತ್ರ ೧೨ ಲೀಟರು, ತುಂಬಿದ ಒತ್ತಡ ೨೦೦ ವಾಯುಭಾರ ಎಂದಿಟ್ಟುಕೊಳ್ಳಿ. ಕೊನೆಯ ೫೦ ವಾಯುಭಾರವನ್ನು ಆಪತ್ತಿಗೆಂದು ಮೀಸಲಿಟ್ಟರೆ ಬಳಸಬಹುದಾದುದು ೧೨ × ೧೫೦, ಅಂದರೆ ನೆಲದ ಮೇಲಿನ ಅಳತೆಯಲ್ಲಿ ೧,೮೦೦ ಲೀಟರು. ಸಾಧಾರಣ ಕೆಲಸದಲ್ಲಿರುವ ಮನುಷ್ಯ ನಿಮಿಷಕ್ಕೆ ೨೦ ಲೀಟರು ಉಸಿರಾಡುತ್ತಾನೆಂದು ಹಿಡಿಯೋಣ. ನೆಲದ ಮೇಲೆ ಈ ಗಾಳಿ ೯೦ ನಿಮಿಷ ಸಾಕು. ೧೦ ಮೀಟರು ಆಳದಲ್ಲಿ ಪ್ರತಿಯೊಂದು ಉಸಿರಿಗೂ ಎರಡರಷ್ಟು ಗಾಳಿ ಬೇಕು; ಆದುದರಿಂದ ೪೫ ನಿಮಿಷ. ೨೦ ಮೀಟರಿನಲ್ಲಿ ೩೦ ನಿಮಿಷ. ೩೦ ಮೀಟರಿನಲ್ಲಿ ೨೨½ ನಿಮಿಷ. ೪೦ ಮೀಟರಿನಲ್ಲಿ ೧೮ ನಿಮಿಷ. ಬಾಯ್ಲನ ನಿಯಮವು ಆಳದ ಮೇಲೆ ವಿಧಿಸುವ ತೆರಿಗೆ ಇದು.

ಈ ವ್ಯವಸ್ಥೆಯಲ್ಲಿ ಎಷ್ಟು ವ್ಯರ್ಥವಾಗುತ್ತದೆ ಎಂಬುದನ್ನೂ ಗಮನಿಸಬೇಕು. ೨೦ ಲೀಟರು ಗಾಳಿಯಲ್ಲಿ ಆಮ್ಲಜನಕ ಸುಮಾರು ೪ ಲೀಟರು. ಅದರಲ್ಲಿ ದೇಹ ಹೀರಿಕೊಳ್ಳುವುದು ಸುಮಾರು ೧ ಲೀಟರು ಮಾತ್ರ. ೩೦ ಮೀಟರು ಆಳದಲ್ಲಾದರೋ ನಿಮಿಷಕ್ಕೆ ೮೦ ಲೀಟರು ಖರ್ಚಾಗುತ್ತದೆ. ದೇಹ ಬಳಸಿಕೊಳ್ಳುವುದು ಆಗಲೂ ಅದೇ ೧ ಲೀಟರು. ಉಳಿದ ೭೯ ಪಾಲು ಗುಳ್ಳೆಯಾಗಿ ಹೊರಟುಹೋಗುತ್ತದೆ. ಹೋಗುವಾಗ ಸುಮ್ಮನೆ ಹೋಗುವುದಿಲ್ಲ; ಮೇಲ್ಮೈಯಲ್ಲಿ ನೊರೆಯ ಗುರುತು ಬಿಡುತ್ತದೆ, ನೀರಿನೊಳಗೆ ಸದ್ದು ಮಾಡುತ್ತದೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೧,೫೦೦ ಮೀಟರು ವೇಗದಿಂದ ಬಹುದೂರ ಸಾಗುತ್ತದೆಂಬುದನ್ನು ಮರೆಯಬಾರದು.

ಆದರೂ ತೆರೆದ ಮಂಡಲಕ್ಕೆ ಒಂದು ದೊಡ್ಡ ಗುಣವಿದೆ. ಅದು ಸರಳ. ಏನಾದರೂ ಕೆಟ್ಟರೆ ಮುಳುಗುಗಾರನಿಗೆ ಕೂಡಲೇ ತಿಳಿಯುತ್ತದೆ, ಏಕೆಂದರೆ ಗಾಳಿ ಬರುವುದು ನಿಲ್ಲುತ್ತದೆ. ಈ ಮಾತಿನ ಮಹತ್ವ ಮುಂದೆ ಸ್ಪಷ್ಟವಾಗುವುದು.

೨. ಗುಳ್ಳೆಯಿಲ್ಲದ ಉಸಿರು

ಬಿಟ್ಟ ಉಸಿರನ್ನು ಎಸೆಯದೆ ಒಂದು ಚೀಲದಲ್ಲಿ ಹಿಡಿದು, ಅದರಲ್ಲಿನ ಇಂಗಾಲದ ಡೈಆಕ್ಸೈಡನ್ನು ತೆಗೆದು, ದೇಹ ಬಳಸಿಕೊಂಡಷ್ಟೇ ಆಮ್ಲಜನಕವನ್ನು ಸೇರಿಸಿ ಮತ್ತೆ ಉಸಿರಾಡಿದರೆ ಹೇಗೆ? ಇಂಗ್ಲೆಂಡಿನ ಹೆನ್ರಿ ಫ್ಲೂಸ್ ಎಂಬಾತ ೧೮೭೦ರ ದಶಕದ ಕೊನೆಯಲ್ಲಿ ಇಂಥ ಸಲಕರಣೆಯನ್ನು ಮಾಡಿ ತೋರಿಸಿದ. ೧೮೮೦ರಲ್ಲಿ ಸೆವರ್ನ್ ನದಿಯ ಕೆಳಗೆ ತೋಡುತ್ತಿದ್ದ ರೈಲ್ವೆ ಸುರಂಗದಲ್ಲಿ ನೀರು ತುಂಬಿಕೊಂಡಿದ್ದಾಗ ಅದರ ಉಪಯೋಗ ಲೋಕಕ್ಕೆ ತಿಳಿಯಿತು. ಸುರಂಗದೊಳಗೆ ಸುಮಾರು ೩೦೦ ಮೀಟರು ದೂರದಲ್ಲಿದ್ದ ಕಬ್ಬಿಣದ ಬಾಗಿಲನ್ನು ಮುಚ್ಚಬೇಕಾಗಿತ್ತು. ಮೇಲಿನಿಂದ ಗಾಳಿ ತರುವ ಕೊಳವೆಯನ್ನು ಅಷ್ಟು ದೂರ ಎಳೆದುಕೊಂಡು ಹೋಗಲು ಸಾಧ್ಯವಾಗಲಿಲ್ಲ. ಆಗ ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ ಫ್ಲೂಸನ ಸಲಕರಣೆಯನ್ನು ಧರಿಸಿ ಗಾಢಾಂಧಕಾರದಲ್ಲಿ ತಡವುತ್ತ ಹೋಗಿ ಬಾಗಿಲನ್ನು ಮುಚ್ಚಿ ಬಂದ.

ಇದೇ ಮುಚ್ಚಿದ ಮಂಡಲ. ಇದರ ಭಾಗಗಳು ಮುಖ್ಯವಾಗಿ ಮೂರು: ಆಮ್ಲಜನಕದ ಚಿಕ್ಕ ಸಿಲಿಂಡರು, ರಬ್ಬರಿನ ಉಸಿರುಚೀಲ, ಸೋಡಾಸುಣ್ಣ ತುಂಬಿದ ಡಬ್ಬಿ. ಸೋಡಾಸುಣ್ಣದಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಹೈಡ್ರಾಕ್ಸೈಡು. ಅದು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಸುಣ್ಣದ ಕಾರ್ಬೊನೇಟಾಗುತ್ತದೆ; ಜೊತೆಗೆ ನೀರೂ ಶಾಖವೂ ಉತ್ಪತ್ತಿಯಾಗುತ್ತವೆ.

ಲೆಕ್ಕವನ್ನು ನೋಡೋಣ. ೨ ಲೀಟರಿನ ಸಿಲಿಂಡರಿನಲ್ಲಿ ೨೦೦ ವಾಯುಭಾರದ ಆಮ್ಲಜನಕ, ಅಂದರೆ ೪೦೦ ಲೀಟರು. ಕಾಲುಭಾಗವನ್ನು ಮೀಸಲಿಟ್ಟರೆ ಉಳಿಯುವುದು ೩೦೦ ಲೀಟರು. ಈಜುವವನ ದೇಹಕ್ಕೆ ನಿಮಿಷಕ್ಕೆ ೧½ ಲೀಟರು ಬೇಕೆಂದರೂ ೨೦೦ ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ ಸಾಕು. ವಿಶೇಷವೇನೆಂದರೆ, ಈ ಅವಧಿಯು ಆಳದೊಂದಿಗೆ ಬದಲಾಗುವುದಿಲ್ಲ. ಪುಪ್ಪುಸಕ್ಕೆ ಬೇಕಾದುದು ಗಾತ್ರ; ದೇಹಕ್ಕೆ ಬೇಕಾದುದು ಅಣುಗಳ ಸಂಖ್ಯೆ. ಗಾತ್ರವು ಚೀಲದಲ್ಲಿ ಸುತ್ತಿ ಸುತ್ತಿ ಬರುತ್ತಿರುವಾಗ, ಖರ್ಚಾಗುವುದು ಅಣುಗಳು ಮಾತ್ರ. ಆರನೆಯ ಒಂದು ಪಾಲು ಗಾತ್ರದ ಸಿಲಿಂಡರು, ಹಲವು ಪಟ್ಟು ಹೆಚ್ಚು ಕಾಲ, ಗುಳ್ಳೆಯಿಲ್ಲ, ಸದ್ದಿಲ್ಲ. ರಹಸ್ಯವಾಗಿ ಈಜಬೇಕಾದವನಿಗೆ ಇನ್ನೇನು ಬೇಕು? ಕುಸ್ತೋನ ಗಾಳಿಯ ಸಲಕರಣೆ ಬಂದ ಮೇಲೂ ನೌಕಾದಳಗಳು ಆಮ್ಲಜನಕದ ಮುಚ್ಚಿದ ಮಂಡಲವನ್ನು ಕೈಬಿಡದಿರುವುದಕ್ಕೆ ಇದೇ ಕಾರಣ.

೩. ಪ್ರಾಣವಾಯು ವಿಷವಾಗುವ ಬಗೆ

ಇಷ್ಟಾದ ಮೇಲೆ ಅದರ ಬೆಲೆಯನ್ನೂ ಹೇಳಬೇಕು. ಡಾಲ್ಟನ್ನನ ನಿಯಮದಂತೆ ಮಿಶ್ರಣದಲ್ಲಿರುವ ಪ್ರತಿಯೊಂದು ಅನಿಲವೂ ತನ್ನ ಪಾಲಿಗೆ ತಕ್ಕ ಆಂಶಿಕ ಒತ್ತಡವನ್ನು ಹೊಂದಿರುತ್ತದೆ. ನೆಲದ ಮೇಲಿನ ಗಾಳಿಯಲ್ಲಿ ಆಮ್ಲಜನಕದ ಆಂಶಿಕ ಒತ್ತಡ ೦.೨೧ ವಾಯುಭಾರ. ಗಾಳಿಯನ್ನು ಉಸಿರಾಡುತ್ತ ೪೦ ಮೀಟರು ಇಳಿದವನಲ್ಲಿ ಅದು ೫ × ೦.೨೧, ಅಂದರೆ ೧.೦೫. ಶುದ್ಧ ಆಮ್ಲಜನಕವನ್ನು ಉಸಿರಾಡುವವನಲ್ಲಾದರೋ ಕೇವಲ ೬ ಮೀಟರಿನಲ್ಲಿಯೇ ೧.೬ ಆಗಿಬಿಡುತ್ತದೆ, ೧೦ ಮೀಟರಿನಲ್ಲಿ ೨.

ಹೆಚ್ಚಿನ ಒತ್ತಡದ ಆಮ್ಲಜನಕವು ನರಮಂಡಲಕ್ಕೆ ವಿಷವೆಂಬುದನ್ನು ಫ್ರೆಂಚ್ ಶರೀರವಿಜ್ಞಾನಿ ಪಾಲ್ ಬೆರ್ ೧೮೭೮ರಲ್ಲಿಯೇ ಪ್ರಕಟಿಸಿದ್ದ. ಮಿತಿ ಮೀರಿದರೆ ಅಪಸ್ಮಾರದಂಥ ಸೆಳವು ಬರುತ್ತದೆ. ನೆಲದ ಮೇಲೆ ಅಂಥ ಸೆಳವು ಬಂದು ಹೋಗಬಹುದು. ನೀರಿನೊಳಗೆ ಬಂದರೆ ಬಾಯಿಯ ಕೊಳವೆ ಕಳಚಿ ಮನುಷ್ಯ ಮುಳುಗಿ ಸಾಯುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಿಂದ ಮುಂದಕ್ಕೆ, ಬ್ರಿಟಿಷ್ ನೌಕಾದಳದ ವೈದ್ಯ ಕೆನೆತ್ ಡೊನಾಲ್ಡ್ ಸ್ವಯಂಸೇವಕರ ನೆರವಿನಿಂದ ಇದನ್ನು ವಿಸ್ತಾರವಾಗಿ ಪರೀಕ್ಷಿಸಿದರು. ಅವರಿಗೆ ಕಂಡುಬಂದ ಸಂಗತಿಗಳು ಸಲಕರಣೆಯನ್ನು ಆಯುವವನಿಗೆ ಇಂದಿಗೂ ಎಚ್ಚರಿಕೆಯಾಗಿವೆ. ಒಣ ಕೋಣೆಯಲ್ಲಿ ತಡೆದುಕೊಳ್ಳುವಷ್ಟು ಹೊತ್ತನ್ನು ಮನುಷ್ಯ ನೀರಿನೊಳಗೆ ತಡೆದುಕೊಳ್ಳಲಾರ. ಶ್ರಮಪಟ್ಟು ಈಜಿದರೆ ಅವಧಿ ಇನ್ನೂ ಕಿರಿದಾಗುತ್ತದೆ. ಒಬ್ಬನಿಗೂ ಇನ್ನೊಬ್ಬನಿಗೂ ಬಹಳ ವ್ಯತ್ಯಾಸವಿದೆ. ಅಷ್ಟೇ ಅಲ್ಲ, ಅದೇ ಮನುಷ್ಯನಿಗೆ ಒಂದು ದಿನಕ್ಕೂ ಮತ್ತೊಂದು ದಿನಕ್ಕೂ ವ್ಯತ್ಯಾಸವಿದೆ. ಆದುದರಿಂದ ‘ಇವನು ಗಟ್ಟಿಗ, ಇವನಿಗೆ ಏನೂ ಆಗದು’ ಎಂದು ಪರೀಕ್ಷೆ ಮಾಡಿ ಆರಿಸಿಕೊಳ್ಳುವುದು ಸಾಧ್ಯವಿಲ್ಲ. ಮಿತಿಯನ್ನು ಎಲ್ಲರಿಗೂ ಒಂದೇ ರೀತಿ, ಕೆಳಮಟ್ಟದಲ್ಲಿಯೇ ಇಡಬೇಕು.

ಅಮೆರಿಕದ ನೌಕಾದಳದ ಮುಳುಗು ಕೈಪಿಡಿಯು ಶುದ್ಧ ಆಮ್ಲಜನಕಕ್ಕೆ ಒಂದೇ ಆಳದಲ್ಲಿರುವಾಗ ನಿಗದಿಪಡಿಸಿರುವ ಮಿತಿಗಳು ಹೀಗಿವೆ:

೨೫ ಅಡಿ (೭.೬ ಮೀಟರು): ೨೪೦ ನಿಮಿಷ
೩೦ ಅಡಿ (೯.೧ ಮೀಟರು): ೮೦ ನಿಮಿಷ
೩೫ ಅಡಿ (೧೦.೭ ಮೀಟರು): ೨೫ ನಿಮಿಷ
೪೦ ಅಡಿ (೧೨.೨ ಮೀಟರು): ೧೫ ನಿಮಿಷ
೫೦ ಅಡಿ (೧೫.೨ ಮೀಟರು): ೧೦ ನಿಮಿಷ

ಈ ಅಂಕಿಗಳನ್ನು ವಿದ್ಯಾರ್ಥಿಗಳು ನಕ್ಷೆಯ ಕಾಗದದ ಮೇಲೆ ಗುರುತಿಸಿ ನೋಡಬೇಕು. ಮೊದಲ ಐದು ಅಡಿ ಹೆಚ್ಚಿಗೆ ಇಳಿದುದಕ್ಕೆ ೧೬೦ ನಿಮಿಷಗಳ ದಂಡ! ಬಾಯ್ಲನ ನಿಯಮದಲ್ಲಿ ಅವಧಿಯು ಒತ್ತಡಕ್ಕೆ ವಿಲೋಮವಾಗಿ ಮೆಲ್ಲನೆ ಇಳಿಯುತ್ತಿತ್ತು. ಇಲ್ಲಿ ಅದು ಬಂಡೆಯಂಚಿನಿಂದ ಬಿದ್ದಂತೆ ಬೀಳುತ್ತದೆ. ಸಿಲಿಂಡರಿನಲ್ಲಿ ಮೂರು ಗಂಟೆಯ ಅನಿಲವಿದ್ದರೂ ಹನ್ನೆರಡು ಮೀಟರಿನಲ್ಲಿ ಅದು ಹದಿನೈದು ನಿಮಿಷದ ಸಲಕರಣೆ. ಅಲೆಕ್ಸಾಂಡ್ರಿಯಾದಲ್ಲಿ ಆ ಆರು ಮಂದಿ ಎದುರಿಸಿದ ಅಪಾಯಗಳಲ್ಲಿ ಕಾವಲುಗಾರನ ಗುಂಡು ಒಂದು ಮಾತ್ರ. ಅವರು ಉಸಿರಾಡುತ್ತಿದ್ದ ಅನಿಲವೇ ಮತ್ತೊಂದು.

ಇನ್ನೊಂದು ಅಪಾಯ ಇದಕ್ಕೆ ವಿರುದ್ಧವಾದುದು. ಮುಳುಗುವ ಮೊದಲು ಪುಪ್ಪುಸದಲ್ಲಿಯೂ ಚೀಲದಲ್ಲಿಯೂ ಇರುವ ಸಾರಜನಕವನ್ನು ಚೆನ್ನಾಗಿ ಹೊರಹಾಕದೆ ಹೋದರೆ ಏನಾಗುತ್ತದೆ? ದೇಹವು ಆಮ್ಲಜನಕವನ್ನು ಬಳಸುತ್ತ ಹೋಗುತ್ತದೆ. ಸೋಡಾಸುಣ್ಣವು ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಹೋಗುತ್ತದೆ. ಸಾರಜನಕ ಮಾತ್ರ ಹಾಗೆಯೇ ಉಳಿದು ಚೀಲವನ್ನು ತುಂಬಿಸಿಟ್ಟಿರುತ್ತದೆ. ಚೀಲ ಬರಿದಾಗದ ಕಾರಣ ಕವಾಟವು ಹೊಸ ಆಮ್ಲಜನಕವನ್ನು ಬಿಡುವುದಿಲ್ಲ. ಉಸಿರುಕಟ್ಟಿದಂತೆ ನಮಗೆ ಅನಿಸುವುದು ಇಂಗಾಲದ ಡೈಆಕ್ಸೈಡು ಹೆಚ್ಚಿದುದರಿಂದಲೇ ಹೊರತು ಆಮ್ಲಜನಕ ಕಡಿಮೆಯಾದುದರಿಂದ ಅಲ್ಲ. ಆದುದರಿಂದ ಮುಳುಗುಗಾರನಿಗೆ ಯಾವ ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತದೆ. ತೆರೆದ ಮಂಡಲದ ಗುಣವನ್ನು ಹೇಳುವಾಗ ನಾವು ಸೂಚಿಸಿದುದು ಇದನ್ನೇ. ಅದು ಕೆಟ್ಟಾಗ ಕೂಗಿ ಹೇಳುತ್ತದೆ. ಮುಚ್ಚಿದ ಮಂಡಲವು ಕೆಟ್ಟಾಗ ಮೌನವಾಗಿರುತ್ತದೆ. ಮೌನವಾಗಿ ಕೆಡುವ ಸಲಕರಣೆಯನ್ನು ಆರಿಸಿಕೊಂಡರೆ, ಅದರ ಕ್ರಮವನ್ನು ಚಾಚೂ ತಪ್ಪದೆ ಪಾಲಿಸುವ ತರಬೇತಿಯನ್ನೂ ಜೊತೆಯಲ್ಲಿಯೇ ಆರಿಸಿಕೊಂಡಂತೆ.

೪. ಮೈನುಗಳ ಬಳಿಗೆ ಹೋಗುವವರು

ನೌಕಾದಳದ ಮುಳುಗುಗಾರರೆಲ್ಲರೂ ಶತ್ರುವಿನ ಬಂದರಿಗೆ ನುಸುಳುವವರಲ್ಲ. ನೀರಿನಲ್ಲಿ ಇಟ್ಟಿರುವ ಸಿಡಿಗುಂಡುಗಳನ್ನು, ಅಂದರೆ ಮೈನುಗಳನ್ನು, ಹುಡುಕಿ ನಿರಪಾಯಗೊಳಿಸುವ ತಂಡಗಳೂ ಇವೆ. ಇವರ ಕೆಲಸ ಅನೇಕ ವೇಳೆ ಹತ್ತು ಮೀಟರಿಗಿಂತ ಬಹಳ ಆಳದಲ್ಲಿ. ಶುದ್ಧ ಆಮ್ಲಜನಕ ಅಲ್ಲಿ ಸಲ್ಲದು. ಹಾಗಾದರೆ ಗಾಳಿಯ ಸಿಲಿಂಡರು ಸಾಲದೆ?

ಮೈನಿನ ಸ್ವಭಾವವೇ ಇದಕ್ಕೆ ಅಡ್ಡಿ. ಹಡಗಿನ ಕಬ್ಬಿಣವು ಭೂಮಿಯ ಕಾಂತಕ್ಷೇತ್ರವನ್ನು ಸ್ವಲ್ಪ ಬದಲಿಸುತ್ತದೆ. ಆ ಬದಲಾವಣೆಯನ್ನು ಗ್ರಹಿಸಿ ಸಿಡಿಯುವುದು ಕಾಂತೀಯ ಮೈನು. ೧೯೩೯ರ ನವೆಂಬರ್ ೨೩ರಂದು ಇಂಗ್ಲೆಂಡಿನ ಥೇಮ್ಸ್ ನದಿಯ ಮುಖದಲ್ಲಿರುವ ಷೂಬರಿನೆಸ್ ಎಂಬಲ್ಲಿ, ಇಳಿತದ ವೇಳೆ ಕೆಸರಿನಲ್ಲಿ ಸಿಕ್ಕಿದ ಜರ್ಮನರ ಇಂಥ ಮೈನೊಂದನ್ನು ಜಾನ್ ಊವ್ರಿ ಎಂಬ ನೌಕಾಧಿಕಾರಿ ಬಿಚ್ಚಿ ಅದರ ಗುಟ್ಟನ್ನು ಹೊರಗೆಡವಿದರು. ಆ ಕೆಲಸಕ್ಕಾಗಿಯೇ ಕಾಂತಗುಣವಿಲ್ಲದ ಹಿತ್ತಾಳೆಯ ಸಲಕರಣೆಗಳನ್ನು ಮಾಡಿಸಬೇಕಾಯಿತು.

ಅಷ್ಟು ದೊಡ್ಡ ಹಡಗಿಗೆಂದು ಮಾಡಿದ ಮೈನು ಒಬ್ಬ ಮನುಷ್ಯನ ಉಕ್ಕಿನ ಸಿಲಿಂಡರನ್ನು ಲಕ್ಷಿಸುವುದೇ ಎಂಬ ಸಂದೇಹ ಬರಬಹುದು. ಚಿಕ್ಕ ಕಾಂತವೊಂದರ ಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆಂದು ನಾವು ಓದಿದ್ದೇವೆ. ಹಡಗು ಮೈನಿನಿಂದ ೨೦ ಮೀಟರು ಮೇಲೆ ಹಾದುಹೋಗುತ್ತದೆ. ಮುಳುಗುಗಾರ ಅರ್ಧ ಮೀಟರಿನಷ್ಟು ಹತ್ತಿರ ಬರುತ್ತಾನೆ. ದೂರವು ೪೦ನೆಯ ಒಂದು ಪಾಲಾಯಿತು. ೪೦ರ ಘನ ೬೪,೦೦೦. ಹಡಗನ್ನು ಒಂದು ಚಿಕ್ಕ ಕಾಂತವೆಂದು ಎಣಿಸುವುದು ಸ್ಥೂಲವಾದ ಲೆಕ್ಕವೇ ಸರಿ. ಆದರೂ ಹಡಗಿನ ಕಾಂತಬಲದ ೬೪,೦೦೦ದಲ್ಲಿ ಒಂದು ಪಾಲಷ್ಟಿರುವ ವಸ್ತುವೂ ಅಷ್ಟು ಹತ್ತಿರದಲ್ಲಿ ಹಡಗಿನಷ್ಟೇ ಪರಿಣಾಮ ಮಾಡಬಲ್ಲದೆಂಬುದು ಇದರಿಂದ ಹೊರಡುತ್ತದೆ. ಆದುದರಿಂದ ಇಂಥ ತಂಡದ ಸಿಲಿಂಡರು, ಕತ್ತಿ, ಕೊಂಡಿ, ಕೈಗಡಿಯಾರ ಎಲ್ಲವನ್ನೂ ಕಾಂತಗುಣವಿಲ್ಲದ ಲೋಹಗಳಿಂದ ಮಾಡಿಸಿ, ಒಂದೊಂದನ್ನೂ ಪರೀಕ್ಷಿಸಬೇಕು. ಶಬ್ದವನ್ನು ಗ್ರಹಿಸಿ ಸಿಡಿಯುವ ಮೈನುಗಳೂ ಇರುವುದರಿಂದ ಗುಳ್ಳೆಗಳ ಸದ್ದೂ ಕೂಡದು.

ಹೀಗೆ ಆಳವೂ ಬೇಕು, ಮೌನವೂ ಬೇಕು. ಇದಕ್ಕೆ ಒದಗಿದುದು ಮಿಶ್ರಾನಿಲದ ಮುಚ್ಚಿದ ಮಂಡಲ. ಇದರಲ್ಲಿ ಎರಡು ಸಿಲಿಂಡರುಗಳು: ಒಂದರಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಅದನ್ನು ತೆಳುಮಾಡುವ ಅನಿಲ. ವಿದ್ಯುತ್ ಕೋಶಗಳು ಚೀಲದಲ್ಲಿನ ಆಮ್ಲಜನಕದ ಆಂಶಿಕ ಒತ್ತಡವನ್ನು ಸದಾ ಅಳೆಯುತ್ತಿದ್ದು, ಅದು ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದಾಗ ಕವಾಟವು ತೆರೆಯುತ್ತದೆ. ಅಮೆರಿಕದ ನೌಕಾದಳದ ಎಂ.ಕೆ. ೧೬ ಎಂಬ ಸಲಕರಣೆಯಲ್ಲಿ ಈ ಮಟ್ಟ ಮೊದಲು ೦.೭೫ ಇದ್ದು, ಮುಂದಿನ ಮಾದರಿಯಲ್ಲಿ ೧.೩ ವಾಯುಭಾರಕ್ಕೆ ಏರಿತು. ಅದರಲ್ಲಿ ಅಳೆಯುವ ಕೋಶಗಳು ಮೂರು. ಎರಡೇ ಇದ್ದು ಭಿನ್ನವಾದ ಅಳತೆ ತೋರಿಸಿದರೆ ಯಾವುದು ಸರಿಯೆಂದು ಹೇಗೆ ತಿಳಿಯುವುದು? ಮೂರಿದ್ದರೆ ಎರಡರ ಸಾಕ್ಷ್ಯವನ್ನು ನಂಬಬಹುದು.

ತೆಳುಮಾಡುವ ಅನಿಲ ಯಾವುದಿರಬೇಕು? ಸಾರಜನಕವು ಸುಮಾರು ೩೦ ಮೀಟರಿನಿಂದ ಕೆಳಗೆ ಅಮಲನ್ನು ತರುತ್ತದೆ. ಸಿಡಿಗುಂಡನ್ನು ಬಿಚ್ಚುವವನಿಗೆ ಅಮಲು ಬಂದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ಆದುದರಿಂದ ಹೆಚ್ಚಿನ ಆಳಕ್ಕೆ ಹೀಲಿಯಂ. ಅದಕ್ಕೆ ಅಮಲಿಲ್ಲ, ಹಗುರವಾದುದರಿಂದ ಉಸಿರಾಟವೂ ಸುಲಭ. ಆದರೆ ಅದರ ಶಾಖವಾಹಕತೆ ಸಾರಜನಕದ್ದಕ್ಕಿಂತ ಸುಮಾರು ಆರು ಪಟ್ಟು ಹೆಚ್ಚು, ಮಾತು ಬಾತುಕೋಳಿಯ ಕೂಗಿನಂತಾಗಿ ಅರ್ಥವಾಗದು, ಬೆಲೆಯೂ ಅಧಿಕ.

ಇಷ್ಟಲ್ಲದೆ ಹೆನ್ರಿಯ ನಿಯಮವೂ ಇದೆ. ಒತ್ತಡ ಹೆಚ್ಚಿದಂತೆ ಅನಿಲವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಹೆಚ್ಚು ಹೆಚ್ಚಾಗಿ ಕರಗುತ್ತದೆ. ಬೇಗನೆ ಮೇಲೆ ಬಂದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಅದು ಗುಳ್ಳೆಯಾಗಿ ಹೊರಬಂದು ಕೀಲುನೋವನ್ನೂ ಪಾರ್ಶ್ವವಾಯುವನ್ನೂ ತರಬಲ್ಲದು. ಬ್ರಿಟಿಷ್ ನೌಕಾದಳಕ್ಕಾಗಿ ಆಡುಗಳ ಮೇಲೆ ಪ್ರಯೋಗ ನಡೆಸಿ, ತಂಗಿ ತಂಗಿ ಮೇಲೇರುವ ಕೋಷ್ಟಕಗಳನ್ನು ಜೆ. ಎಸ್. ಹಾಲ್ಡೇನ್ ೧೯೦೮ರಲ್ಲಿ ಪ್ರಕಟಿಸಿದರು. ಆಳದ ಕೆಲಸಕ್ಕೆ ಸಲಕರಣೆ ಆಯುವಾಗ ಕೆಳಗಿನ ಕೆಲಸದ ಹೊತ್ತಿಗೆ ಮಾತ್ರವಲ್ಲ, ಮೇಲೇರುವ ಹೊತ್ತಿಗೂ ಸಾಕಾಗುವಷ್ಟು ಅನಿಲವಿರಬೇಕು.

೫. ಉಡುಪು ಮತ್ತು ತೂಕ

ನೀರಿನ ಶಾಖವಾಹಕತೆ ಗಾಳಿಯದಕ್ಕಿಂತ ಸುಮಾರು ೨೫ ಪಟ್ಟು. ಬೆಚ್ಚಗಿನ ಸಮುದ್ರದಲ್ಲಿಯೂ ಮೂರು ಗಂಟೆ ಕಳೆದವನ ಮೈ ತಣ್ಣಗಾಗುತ್ತದೆ. ಬೆರಳು ಮರಗಟ್ಟಿದರೆ ಕೊಂಡಿ ಬಿಚ್ಚಲಾಗದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ೧೯೫೦ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾದಳದ ಈಜುಗಾರರಿಗಾಗಿ ನೊರೆರಬ್ಬರಿನ ಉಡುಪನ್ನು ಸೂಚಿಸಿದರು. ಮೈ ಒದ್ದೆಯಾದರೂ ಚಿಂತೆಯಿಲ್ಲ, ರಬ್ಬರಿನ ಕಣಕಣದಲ್ಲಿ ಸೆರೆಯಾದ ಅನಿಲದ ಗುಳ್ಳೆಗಳೇ ಶಾಖವನ್ನು ತಡೆಯುತ್ತವೆ ಎಂಬುದು ಅವರ ವಾದ.

ಆದರೆ ಆ ಗುಳ್ಳೆಗಳಿಗೂ ಬಾಯ್ಲನ ನಿಯಮ ತಪ್ಪಿದ್ದಲ್ಲ. ೩೦ ಮೀಟರಿನಲ್ಲಿ ಅವು ಕುಗ್ಗಿ ಉಡುಪು ತೆಳ್ಳಗಾಗುತ್ತದೆ. ಪರಿಣಾಮಗಳು ಎರಡು: ಚಳಿಯ ತಡೆ ಕಡಿಮೆಯಾಗುತ್ತದೆ, ಗಾತ್ರ ಇಳಿದುದರಿಂದ ಆರ್ಕಿಮಿಡೀಸನ ತತ್ತ್ವದಂತೆ ತೇಲುವ ಬಲವೂ ಇಳಿದು ಮುಳುಗುಗಾರ ಭಾರವಾಗುತ್ತಾನೆ. ಮೇಲೆ ಸರಿಯಾಗಿದ್ದ ಸೀಸದ ತೂಕ ಕೆಳಗೆ ಹೆಚ್ಚಾಗುತ್ತದೆ. ಆಳದಲ್ಲಿ ಬಹಳ ಹೊತ್ತು ನಿಲ್ಲಬೇಕಾದ ತಂಡಕ್ಕೆ ನೀರು ಒಳಬರದ ಒಣ ಉಡುಪು ಲೇಸು. ಅದರೊಳಗಿನ ಅನಿಲವನ್ನು ಬೇಕಾದಂತೆ ತುಂಬಬಹುದು, ಬಿಡಬಹುದು. ಆದರೆ ಅದನ್ನು ನಿಭಾಯಿಸುವುದೂ ಒಂದು ವಿದ್ಯೆ. ವೇಗವಾಗಿ ಈಜುವವನಿಗೆ ಅದು ತೊಡಕು.

೬. ತಂಡಕ್ಕಾಗಿ ಆಯ್ಕೆ

ಹಡಗಿನ ತಳವನ್ನು ತನ್ನದೇ ಬಂದರಿನಲ್ಲಿ ಪರೀಕ್ಷಿಸುವುದು, ಮುಳುಗಿದುದನ್ನು ಎತ್ತುವುದು ಮುಂತಾದ ಕೆಲಸಗಳಲ್ಲಿ ರಹಸ್ಯದ ಪ್ರಶ್ನೆಯೇ ಇಲ್ಲ. ಅಲ್ಲಿ ಮೇಲಿನಿಂದ ಕೊಳವೆಯ ಮೂಲಕ ಗಾಳಿ ಕೊಡುವ ಹಳೆಯ ಪದ್ಧತಿಯೇ ಇಂದಿಗೂ ಶ್ರೇಷ್ಠ. ಗಾಳಿ ಮುಗಿಯುವ ಭಯವಿಲ್ಲ. ಮುಖವನ್ನೆಲ್ಲ ಮುಚ್ಚುವ ಮುಸುಕಿನೊಳಗೆ ಟೆಲಿಫೋನು ಇರಿಸಬಹುದು. ಹಗ್ಗ ಹಿಡಿದು ಆಪತ್ತಿನಲ್ಲಿ ಮೇಲೆಳೆಯಬಹುದು. ಕೊಳವೆಯ ಬಂಧನವೇ ಅಲ್ಲಿ ರಕ್ಷಣೆ.

ಯಾವ ಸಲಕರಣೆಯೂ ಸಲ್ಲದ ಸಂದರ್ಭಗಳೂ ಉಂಟು. ೨೦೨೪ರ ಜುಲೈ ೧೬ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ಜನರೂ ವಾಹನಗಳೂ ಗಂಗಾವಳಿ ನದಿಯ ಪಾಲಾದರು. ನಮ್ಮ ನೌಕಾದಳದ ಮುಳುಗುಗಾರರು ಬಂದರು. ಆದರೆ ಮಳೆಗಾಲದ ನದಿಯ ಸೆಳೆತವು ಅವರ ಕೆಲಸಕ್ಕೆ ಅಡ್ಡಿಯಾಯಿತು. ಮುಳುಗಿದ್ದ ಲಾರಿ ಸಿಕ್ಕಿದುದು ಸೆಪ್ಟೆಂಬರಿನಲ್ಲಿ, ಗೋವೆಯಿಂದ ಹೂಳೆತ್ತುವ ಯಂತ್ರವನ್ನು ತರಿಸಿದ ಮೇಲೆ. ಹರಿಯುವ ನೀರಿನ ತಳ್ಳುವ ಬಲವು ವೇಗದ ವರ್ಗಕ್ಕೆ ಅನುಪಾತವಾಗಿರುತ್ತದೆ. ಸೆಕೆಂಡಿಗೆ ೧ ಮೀಟರು ವೇಗದ ನೀರಿಗೆ ಎದುರಾಗಿ ನಿಂತವನನ್ನು ಅದು ಸುಮಾರು ೧೫ ಕಿಲೋಗ್ರಾಂ ತೂಕದ ಬಲದಿಂದ ತಳ್ಳುತ್ತದೆಂದು ಸ್ಥೂಲವಾಗಿ ಹಿಡಿದರೆ, ವೇಗ ೩ ಮೀಟರಾದಾಗ ಬಲವು ಒಂಬತ್ತು ಪಟ್ಟಾಗಿ ೧೩೫ ಕಿಲೋಗ್ರಾಂ ತೂಕದಷ್ಟಾಗುತ್ತದೆ. ಎಂಥ ಉತ್ತಮ ಸಿಲಿಂಡರೂ ಈ ವರ್ಗವನ್ನು ಅಳಿಸಲಾರದು. ಕಾಯುವುದು, ಇಲ್ಲವೆ ಮನುಷ್ಯನ ಬದಲು ಯಂತ್ರವನ್ನು ಇಳಿಸುವುದು, ಇವೂ ಆಯ್ಕೆಗಳೇ.

ತಂಡವೆಂದ ಮೇಲೆ ಇನ್ನೂ ಕೆಲವು ವಿಚಾರಗಳಿವೆ. ಜೋಡಿಯಾಗಿ ಇಳಿಯುವ ಇಬ್ಬರ ಸಲಕರಣೆಯೂ ಒಂದೇ ಬಗೆಯದಾಗಿರಬೇಕು. ಒಬ್ಬನ ಕವಾಟ ಯಾವ ಕಡೆಗೆ ತಿರುಗುತ್ತದೆಂಬುದು ಕತ್ತಲೆಯಲ್ಲಿ ಇನ್ನೊಬ್ಬನ ಕೈಗೆ ತಿಳಿದಿರಬೇಕು. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ಅಥವಾ ಜಿಡ್ಡು ಸೋಕಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅಷ್ಟು ಶುಚಿಯಾಗಿ ಅದನ್ನು ಕಾಪಾಡುವ ಕಾರ್ಯಾಗಾರ ತಂಡಕ್ಕೆ ಇದೆಯೆ? ಗಾಳಿ ತುಂಬುವ ಯಂತ್ರವು ತನ್ನದೇ ಇಂಜಿನಿನ ಹೊಗೆಯನ್ನು ಎಳೆದುಕೊಳ್ಳುತ್ತಿಲ್ಲವೆ? ನೆಲದ ಮೇಲೆ ಅಲ್ಪವೆನಿಸುವ ಕಾರ್ಬನ್ ಮಾನಾಕ್ಸೈಡಿನ ಆಂಶಿಕ ಒತ್ತಡವು ೪೦ ಮೀಟರಿನಲ್ಲಿ ಐದು ಪಟ್ಟಾಗುತ್ತದೆ. ಬಿಡಿಭಾಗಗಳು, ಸೋಡಾಸುಣ್ಣ, ಅಳೆಯುವ ಕೋಶಗಳು ಕಾಲಕಾಲಕ್ಕೆ ದೊರೆಯುವುವೆ? ಕಾಪಾಡಲಾಗದ ಉತ್ತಮ ಸಲಕರಣೆಗಿಂತ ಚೆನ್ನಾಗಿ ಕಾಪಾಡಿದ ಸಾಧಾರಣ ಸಲಕರಣೆಯೇ ಸುರಕ್ಷಿತ.

ಇಷ್ಟನ್ನೂ ಒಟ್ಟುಗೂಡಿಸಿದರೆ, ‘ಯಾವ ಸಲಕರಣೆ ಉತ್ತಮ?’ ಎಂಬ ಪ್ರಶ್ನೆಗೆ ಉತ್ತರವಿಲ್ಲವೆಂದು ತಿಳಿದುಬರುತ್ತದೆ. ಆಳವೆಷ್ಟು, ಹೊತ್ತೆಷ್ಟು, ಯಾರಿಗೆ ಕಾಣಬಾರದು, ಏನು ಸಿಡಿಯಬಹುದು, ನೀರು ಹೇಗಿದೆ ಎಂದು ಮೊದಲು ಕೇಳಬೇಕು. ಪ್ರತಿಯೊಂದು ಸಲಕರಣೆಯೂ ಒಂದು ಅಪಾಯವನ್ನು ನೀಗಿಸಿ ಇನ್ನೊಂದನ್ನು ತರುತ್ತದೆ. ಯಾವ ಅಪಾಯವನ್ನು ಈ ತಂಡ, ಈ ಕೆಲಸದಲ್ಲಿ, ತನ್ನ ತರಬೇತಿಯಿಂದ ನಿಭಾಯಿಸಬಲ್ಲದು ಎಂಬುದನ್ನು ತೀರ್ಮಾನಿಸುವುದೇ ಆಯ್ಕೆ. ಆ ತೀರ್ಮಾನವಾಗುವುದು ನೀರಿನೊಳಗಲ್ಲ. ದಡದ ಮೇಲೆ, ಕಾಗದ ಪೆನ್ಸಿಲಿನ ಮುಂದೆ. ಅಲ್ಲಿ ತಪ್ಪಿದ ಲೆಕ್ಕವನ್ನು ಕೆಳಗಿರುವವನು ತಿದ್ದಿಕೊಳ್ಳಲಾರ. ಕೊಚ್ಚಿಯಲ್ಲಿರುವ ನಮ್ಮ ನೌಕಾದಳದ ಮುಳುಗು ಶಾಲೆಗೋ ಅಂಥ ಬೇರೆ ಸಂಸ್ಥೆಗೋ ಮುಂದೆ ಸೇರಬಯಸುವ ವಿದ್ಯಾರ್ಥಿಗಳು ಬಾಯ್ಲನ ನಿಯಮವನ್ನು ಪರೀಕ್ಷೆಗೆಂದು ಮಾತ್ರ ಓದದೆ, ಕೈಯಳತೆಗೆ ಬರುವಂತೆ ಅಭ್ಯಾಸಮಾಡಿಕೊಳ್ಳಬೇಕೆಂದು ನಮ್ಮ ಸಲಹೆ.

ಅಭ್ಯಾಸ

೧. ೧೫ ಲೀಟರಿನ ಸಿಲಿಂಡರನ್ನು ೨೦೦ ವಾಯುಭಾರಕ್ಕೆ ತುಂಬಿ, ೫೦ ವಾಯುಭಾರವನ್ನು ಮೀಸಲಿಟ್ಟರೆ, ನಿಮಿಷಕ್ಕೆ ೨೦ ಲೀಟರು ಉಸಿರಾಡುವವನು ೨೦ ಮೀಟರು ಆಳದಲ್ಲಿ ಎಷ್ಟು ಹೊತ್ತು ಇರಬಹುದು? (ಉತ್ತರ: ೩೭½ ನಿಮಿಷ.)

೨. ಆಮ್ಲಜನಕದ ಆಂಶಿಕ ಒತ್ತಡ ೧.೬ ವಾಯುಭಾರವಾಗುವುದು ಶುದ್ಧ ಆಮ್ಲಜನಕದಲ್ಲಿ ೬ ಮೀಟರಿಗೆ. ಗಾಳಿಯಲ್ಲಿ ಎಷ್ಟು ಆಳಕ್ಕೆ? (ಉತ್ತರ: ಸುಮಾರು ೬೬ ಮೀಟರು.) ಅಷ್ಟು ಆಳಕ್ಕೆ ಗಾಳಿಯನ್ನು ಉಸಿರಾಡುತ್ತ ಇಳಿಯಬಾರದೇಕೆ?

೩. ತಂಡವೊಂದು ೫ ಮೀಟರು ಆಳದಲ್ಲಿ ಎರಡು ಗಂಟೆ ಈಜಿ, ಕೊನೆಗೆ ೧೨ ಮೀಟರು ಆಳದಲ್ಲಿ ಅರ್ಧ ಗಂಟೆ ಕೆಲಸ ಮಾಡಬೇಕಾಗಿದೆ, ಗುಳ್ಳೆಗಳು ಕಾಣಕೂಡದು. ಶುದ್ಧ ಆಮ್ಲಜನಕದ ಸಲಕರಣೆ ಸಾಕಾಗುವುದೆ? ಮೇಲಿನ ಕೋಷ್ಟಕವನ್ನು ನೋಡಿ, ಕಾರಣಸಹಿತ ಉತ್ತರಿಸಿ.